ಉದುರದ ದಾರ

…ಇಲ್ಲ ಭಾವ, ಇದೂ ಸರಿ ಬರಲಿಲ್ಲ. ಬೇಜಾರು ಮಾಡಿಕೊಳ್ಳಬೇಡಿ, ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದೇನೆ. ಇದು ಮೂರನೇ ಸಲ. ಮೊದಲನೇ ಸಲ ಅಭ್ಯಾಸಬಲದಿಂದ ‘ಆರೋಗ್ಯವೇ’ ಅಂತ ಕೇಳಿಬಿಟ್ಟೆ, ತೀರಿಕೊಂಡವರ ಹತ್ತಿರ. ಎರಡನೇ ಸಲ ಅರ್ಧಕ್ಕೇ ನಿಲ್ಲಿಸಿ ಅಳಿಸಿಹಾಕಿದೆ. ಈಗ ಅಂಗಡಿಯ ಹಿಂದಿನ ಕೋಣೆಯಲ್ಲಿ ಮಾಲಿನ ಡಬ್ಬಗಳ ನಡುವೆ ಕೂತು, ಟೇಪ್ ರೆಕಾರ್ಡರನ್ನು ತೊಡೆಯ ಮೇಲಿಟ್ಟುಕೊಂಡು ಮಾತಾಡುತ್ತಿದ್ದೇನೆ. ಮುಂದೆ ಗಿರಿಜಾ ಗಿರಾಕಿಗಳನ್ನು ನೋಡಿಕೊಳ್ಳುತ್ತಿದ್ದಾಳೆ. ಗಂಡ ದೀಪಾವಳಿಯ ಮಾಲು ಬಿಚ್ಚುತ್ತಿದ್ದಾನೆ ಅಂತ ಅವಳ ಲೆಕ್ಕ.

ಕಾಗದ ಬರೆಯಬಹುದಿತ್ತು. ಆದರೆ ನನ್ನ ಕಾಗದ ನಿಮಗೆ ಯಾವತ್ತು ಪೂರ್ತಿ ಮುಟ್ಟಿದೆ ಹೇಳಿ? ನಿಮಗೆ ಓದಲು ಬರುತ್ತಿರಲಿಲ್ಲ. ಪೋಸ್ಟಿನವನು ನಿಮ್ಮ ಜಗಲಿಯಲ್ಲಿ ಕೂತು ಓದಿ ಹೇಳುತ್ತಿದ್ದ. ಚಹಾ ಮುಗಿಯುವಷ್ಟರಲ್ಲಿ ಕಾಗದವೂ ಮುಗಿಯಬೇಕು ಅಂತ ನಡುವಿನ ಸಾಲುಗಳನ್ನು ಹಾರಿಸುತ್ತಿದ್ದ. ಒಂದು ಸಲ ನೀವೇ ನನ್ನ ಎದುರಿಗೆ ಅವನನ್ನು ಕೇಳಿದ್ದಿರಿ, “ಅಲ್ಲ ಮಾರಾಯ, ಈ ಶಿಕಾರಿಪುರದ ಸಾವ್ಕಾರ ಮಳೆ ಹೆಂಗಿದೆ ಅಂತ ಕೇಳಕ್ಕೆ ಇಷ್ಟುದ್ದ ಕಾಗದ ಬರೀತಾನಾ?” ಅಂತ. ಅವನು ಚಹಾದ ಲೋಟದೊಳಗೇ ನಕ್ಕಿದ್ದ. ಅದಕ್ಕೇ ಈ ಸಲ ಬಾಯಲ್ಲೇ ಹೇಳುತ್ತಿದ್ದೇನೆ. ನಮ್ಮಿಬ್ಬರ ನಡುವೆ ಬೇರೆಯವರು ಬಂದದ್ದು ಸಾಕು.

ಅಕ್ಕನ ಮದುವೆಯಾದ ವರ್ಷದ ದಸರಾ. ನಾನು ಹೊಸ ಪ್ಯಾಂಟು ಹಾಕಿಕೊಂಡು, ಸೊರಬದಲ್ಲಿ ಬಸ್ಸು ಬದಲಿಸಿ ನಿಮ್ಮೂರಿಗೆ ಬಂದಿದ್ದೆ. ಊರ ಹೊರಗೆ ಬನ್ನಿಮರ, ಅದರ ಸುತ್ತ ಕಲ್ಲಿನ ಕಟ್ಟೆ, ಮೇಲೆ ಊರ ದೇವಿ ಅಮ್ಮನ ಕಲ್ಲು. ನಮ್ಮ ಕಡೆ ಬನ್ನಿ ಅಂದರೆ ಮುಗಿಬಿದ್ದು ಕಿತ್ತುಕೊಳ್ಳುವುದು. ಯಾರ ಕೈಗೆ ದೊಡ್ಡ ಟೊಂಗೆ ಸಿಕ್ಕಿತೋ ಅವನೇ ಗಂಡಸು. ನಿಮ್ಮೂರಿನ ಪದ್ಧತಿ ನನಗೇನು ಗೊತ್ತು? ಪೂಜೆ ಮುಗಿದ ಕೂಡಲೇ ಟೊಂಗೆಗೆ ಕೈ ಹಾಕಿದೆ. ಮೇಲಿನಿಂದ ನಿಮ್ಮ ದನಿ ಬಂತು. “ಏ ಹೊಸ ನೆಂಟ, ಕೈ ತೆಗಿ. ಅದು ನಿನ್ನೊಬ್ಬನಿಗೆ ಬೆಳ್ದಿದ್ದಲ್ಲ.” ನಿಮ್ಮ ಮನೆತನದವರು ಮಾತ್ರ ಆ ಮರ ಹತ್ತಬೇಕು. ಬರಿಗಾಲಲ್ಲಿ, ಕೈಯಲ್ಲಿ ಕಬ್ಬಿಣ ಇಲ್ಲದೆ. ಉಗುರಲ್ಲಿ ಚಿವುಟಿ ಚಿವುಟಿ ಕೆಳಗೆ ಹಾಸಿದ ಕಂಬಳಿಗೆ ಎಲೆ ಬೀಳಿಸಬೇಕು. ಮನೆಗೊಂದು ಹಿಡಿ, ಅಷ್ಟೇ. ಊರೆಲ್ಲ ನಕ್ಕಿತು, ನಾನು ಮುಖ ಊದಿಸಿಕೊಂಡು ಕಟ್ಟೆಯ ಮೂಲೆಗೆ ಕೂತೆ. ನೀವು ಇಳಿದು ಬಂದಿರಿ, ಮುಂಗೈ ತುಂಬ ಮುಳ್ಳಿನ ಗೀರು. ಕಿರಿಯನಾದ ನಾನು ಎಲೆ ಕೊಟ್ಟು ಕಾಲಿಗೆ ಬೀಳಬೇಕಿತ್ತು, ನೀವೇ ಮೊದಲು ಕೊಟ್ಟಿರಿ. “ತಗ. ಬನ್ನಿ ತಗಂಡು ಬಂಗಾರದಂಗಿರು. ಸಿಟ್ಟಿದ್ರೆ ಇವತ್ತೇ ಮುಗಿಸ್ಬೇಕು. ಇವತ್ತು ಬಿಟ್ರೆ ಬರೋ ದಸರಾ ತನಕ ಹೊತ್ಕಂಡು ತಿರುಗ್ಬೇಕಾಗ್ತದೆ.” ಬದುವಿನ ಜಗಳದಲ್ಲಿ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರು ಅವತ್ತು ನನ್ನ ಕಣ್ಣೆದುರೇ ಎಲೆ ಕೊಟ್ಟುಕೊಂಡು ಒಂದೇ ಬೀಡಿ ಹಂಚಿಕೊಂಡರು. ಎಲೆ ಕೈ ಬದಲಿಸಿದ ಮೇಲೆ ಜಗಳ ಉಳಿಯುವ ಹಾಗಿಲ್ಲ. ನಿಮ್ಮೂರಿನ ಕೋರ್ಟು ಅದು.

ಅದೇ ಕಟ್ಟೆಯ ಮೇಲೆ ನಿಂತು ಅಕ್ಕ ಮರಕ್ಕೆ ಹರಕೆಯ ತೊಟ್ಟಿಲು ಕಟ್ಟಿದ್ದನ್ನೂ ನೋಡಿದ್ದೇನೆ. ಮೊದಲ ಮಗು ಹನ್ನೊಂದನೇ ದಿನಕ್ಕೆ ಹೋದ ಮೇಲೆ. ಅಂಗೈಯಗಲದ ಮರದ ತೊಟ್ಟಿಲು, ಅರಿಶಿನದಲ್ಲಿ ಅದ್ದಿದ ಹತ್ತಿಯ ದಾರ. ಕೆಳಗಿನ ಟೊಂಗೆಗಳ ತುಂಬ ಅಂಥವೇ ಇದ್ದವು: ಯಾರದೋ ಬಳೆ, ಯಾರದೋ ಕಾಸಿನ ಗಂಟು, ಯಾರದೋ ಮಗುವಿನ ಕುಲಾವಿಯ ಚೂರು. ಒಂದು ಮಳೆ, ಒಂದು ಬಿಸಿಲಿಗೆ ದಾರ ಕೊಳೆತು ಉದುರುತ್ತಿತ್ತು. ಬೆಳಿಗ್ಗೆ ಕಟ್ಟೆ ಗುಡಿಸುವವರು ಆ ಮನೆಗೆ ಸುದ್ದಿ ಮುಟ್ಟಿಸುತ್ತಿದ್ದರು, “ನಿಂದು ಉದುರ್‍ತು ಕಣೇ, ಅಮ್ಮ ತಗಂಡ್ಲು” ಅಂತ. ಆ ಮನೆಯವರು ಬೆಲ್ಲ ಹಂಚುತ್ತಿದ್ದರು. ಅಕ್ಕನದು ಎರಡು ಸಲ ಉದುರಿತು. ಎರಡು ಸಲವೂ ಬೆಲ್ಲ ಹಂಚಿದಳು. ಮಗು ಮಾತ್ರ…

ಮೂರನೇ ಸಲ ಅವಳು ಕಟ್ಟುವಾಗ ದಾರ ತಂದುಕೊಟ್ಟವನು ನಾನು. ಆಗಷ್ಟೇ ಬಸ್ ಸ್ಟ್ಯಾಂಡ್ ಹತ್ತಿರ ಈ ಫ್ಯಾನ್ಸಿ ಅಂಗಡಿ ಹಾಕಿದ್ದೆ. ಕೆಂಪು ಹಳದಿ ಹೆಣೆದ ನೈಲಾನ್ ದಾರ, ತುದಿಗೆ ಜರಿಯ ಗೊಂಡೆ. “ಇದು ಉದುರಲ್ಲ ಅಕ್ಕ, ನೋಡ್ತಿರು” ಅಂದೆ. ಉದುರುವುದು ಅಂದರೆ ಕಳೆದುಹೋಗುವುದು ಅಂತ ತಿಳಿದಿದ್ದವನು ನಾನು. ಉದುರಿದರೇ ಅಮ್ಮನಿಗೆ ಮುಟ್ಟಿದ ಹಾಗೆ ಅಂತ ಬೆಲ್ಲ ಹಂಚುತ್ತಿದ್ದ ಹೆಂಗಸರು ಆ ಹೊಳಪು ನೋಡಿ ನನ್ನ ಮಾತನ್ನೇ ನಂಬಿದರು. ಗಟ್ಟಿ ದಾರ ಇದ್ದರೆ ಹರಕೆಯೂ ಗಟ್ಟಿ. ನಾನು ಅದಕ್ಕೆ ‘ಹರಕೆ ದಾರ’ ಅಂತಲೇ ಹೆಸರಿಟ್ಟು ಅಂಗಡಿಯ ಬಾಗಿಲಿಗೆ ಗೊಂಚಲು ಗೊಂಚಲು ನೇತುಹಾಕಿದೆ. ಈಸೂರಿನ ಕಡೆಯಿಂದಲೂ ಬಂದು ಕೇಳಿ ಒಯ್ದರು. ಆಮೇಲೆ ಪ್ಲಾಸ್ಟಿಕ್ ಹೂವಿನ ತೋರಣ, ಆಮೇಲೆ ಹುಡುಗರ ಸಂಘದವರು ದಸರಾಕ್ಕೆ ಸೀರಿಯಲ್ ಲೈಟು ಕೇಳಿದರು. ಕಾಂಡಕ್ಕೆ ಮೊಳೆ ಹೊಡೆದು ವೈರು ಎಳೆಯುವಾಗ ಏಣಿ ಹಿಡಿದವನು ನಾನೇ. ಸುಳ್ಳು ಯಾಕೆ ಹೇಳಲಿ, ಚೆಂದ ಕಾಣುತ್ತಿತ್ತು. ಮದುಮಗಳ ಹಾಗೆ. ನೀವು ಮಾತ್ರ ಕೆಳಗೆ ನಿಂತು, “ಇದಕ್ಕೆ ನಿದ್ದೆ ಬರ್ತದಾ ಹಿಂಗಾದ್ರೆ?” ಅಂದಿರಿ. ಎಲ್ಲರೂ ತಮಾಷೆ ಅಂದುಕೊಂಡರು.

ಬೆಳ್ಳಕ್ಕಿ ನೇತಾಡುತ್ತಿದ್ದ ಬೆಳಿಗ್ಗೆ ನಾನು ನಿಮ್ಮ ಮನೆಯಲ್ಲೇ ಇದ್ದೆ. ಗುಡವಿ ಕೆರೆಯಿಂದ ಹಾರಿ ಬಂದದ್ದಿರಬೇಕು. ಎರಡು ತೊಟ್ಟಿಲುಗಳ ನಡುವಿನ ದಾರಕ್ಕೆ ಕಾಲು ಸಿಕ್ಕಿಹಾಕಿಕೊಂಡು, ರೆಕ್ಕೆ ಬಡಿದು ಬಡಿದು, ತಲೆ ಕೆಳಗಾಗಿ ಸತ್ತಿತ್ತು. ನೀವು ಅದನ್ನು ಬಿಡಿಸಿ ಕೆಳಗಿಟ್ಟು, ನನ್ನ ಮುಂಗೈ ಹಿಡಿದು ಒಂದು ಟೊಂಗೆಯ ಮೇಲಿಟ್ಟಿರಿ. “ಇಲ್ಲಿ ಮುಟ್ಟು. ದಾರ ಎಲ್ಲಿದೆ ಹೇಳು.” ದಾರ ಕಾಣುತ್ತಿರಲಿಲ್ಲ. ತೊಗಟೆ ಎರಡು ಕಡೆಯಿಂದ ಉಬ್ಬಿ ಅದನ್ನು ನುಂಗಿತ್ತು. ನನ್ನ ಬೆರಳಿಗೆ ಆಳದ ಒಂದು ಗೆರೆ ಸಿಕ್ಕಿತು. ಗೆರೆಯಿಂದ ಆಚೆಗೆ ಟೊಂಗೆ ಒಣಗಿತ್ತು. “ಹುಟ್ಟಿದ ಮಗೂಗೆ ಕಟ್ಟಿದ ಉಡದಾರ ಸಡ್ಲ ಮಾಡ್ದೆ ಹಂಗೇ ಬಿಟ್ರೆ ಎಂತ ಆಗ್ತದೆ? ಮಗು ಬೆಳೀತದೆ. ದಾರ ಬೆಳೀತದಾ?” ನಾನು, “ಮರ ಅಲ್ವಾ ಭಾವ, ತಡ್ಕಳ್ತದೆ” ಅಂದೆ. ನೀವು ನನ್ನ ಮುಖ ನೋಡಿ, “ಇದು ನಿನ್ನ ಮಾತಾ, ಅಂಗಡಿ ಮಾತಾ?” ಅಂದಿರಿ. ಭಾವ, ಒಂದನ್ನು ಇಲ್ಲೇ ಹೇಳಿಬಿಡುತ್ತೇನೆ, ಮುಂದೆ ಧೈರ್ಯ ಸಾಲದೆ ಹೋಗಬಹುದು. ಬೆರಳು ಇಟ್ಟ ಆ ಕ್ಷಣಕ್ಕೇ ನನಗೆ ಗೊತ್ತಾಗಿತ್ತು.

ನೀವು ದಾರ ಕೊಯ್ದ ಸುದ್ದಿ ನನಗೆ ಶಿಕಾರಿಪುರದಲ್ಲಿ ಸಿಕ್ಕಿತು. ಮೊದಲು ಅಕ್ಕನದು ಕೊಯ್ದಿರಿ, ಆಮೇಲೆ ಒಂದೊಂದಾಗಿ ಊರಿನವೆಲ್ಲ. ತೊಟ್ಟಿಲು, ಬಳೆ ಯಾವುದನ್ನೂ ಬಿಸಾಕಲಿಲ್ಲ. ಬುಟ್ಟಿಯಲ್ಲಿ ತುಂಬಿ ಕಟ್ಟೆಯ ಮೇಲೆ ಅಮ್ಮನ ಕಲ್ಲಿನ ಮುಂದಿಟ್ಟಿರಿ, ಅವರವರದು ಅವರವರು ಹತ್ತಿಯ ದಾರದಲ್ಲಿ ಮತ್ತೆ ಕಟ್ಟಲಿ ಅಂತ. ಯಾರಿಗೆ ಕೇಳಿಸಬೇಕು? ಅವತ್ತೇ ಸಿದ್ದಮ್ಮಜ್ಜಿಯ ಮೊಮ್ಮಗನಿಗೆ ಜ್ವರ ಬಂದಿತ್ತು. ಅಜ್ಜಿ ನಿಮ್ಮ ಬಾಗಿಲಿಗೇ ಬಂದು, “ನನ್ನ ಮನೆ ದಾರ ಕೊಯ್ಯಾಕೆ ನೀನ್ಯಾರೋ ಹಾಲಪ್ಪ?” ಅಂತ ಮಣ್ಣು ತೂರಿದಳಂತೆ. ನಾನು ಬಂದಾಗ ಅಕ್ಕ ಒಲೆಯ ಮುಂದೆ ಕೂತು ಅಳುತ್ತಿದ್ದಳು. ಯಾಕೆ ಅಂತ ಅವಳು ಹೇಳಲಿಲ್ಲ. ನೀವೂ ಹೇಳಲಿಲ್ಲ.

ಸಭೆಗೆ ನನ್ನನ್ನು ಕರೆಸಿದ್ದು ದಾರ ನನ್ನ ಅಂಗಡಿಯದು ಅಂತ. ಕಟ್ಟೆಯ ಮೇಲೆ ಹಿರಿಯರು, ಕೆಳಗೆ ಊರು. ಸಂಘದ ಅಧ್ಯಕ್ಷ ಎದ್ದು, “ಶಿಕಾರಿಪುರದ ಮಾವನೇ ಹೇಳ್ಲಿ. ಪ್ಯಾಟೆ ಕಂಡೋರು. ದಾರದಿಂದ ಮರ ಸಾಯ್ತದಾ?” ಅಂತ ಕೇಳಿದ. ನೀವು ಕೈಕಟ್ಟಿಕೊಂಡು ನಿಂತಿದ್ದಿರಿ. ನಿಮ್ಮ ಮುಖದಲ್ಲಿ ಭಯ ಇರಲಿಲ್ಲ, ನೆಮ್ಮದಿ ಇತ್ತು. ನನ್ನ ಬೆರಳಿಗೆ ಆ ಗೆರೆ ತಾಗಿದೆ ಅಂತ ನಿಮಗೆ ಗೊತ್ತಿತ್ತಲ್ಲ. ನಾನು ಹೇಳಿದೆ, “ದಾರದಿಂದ ಎಲ್ಲಾದ್ರೂ ಮರ ಸಾಯ್ತದೇನ್ರೀ? ಮಳೆ ಕಮ್ಮಿ ಆಗಿರ್ಬೇಕು.” ಒಂದೇ ಸಾಲು. ಅಷ್ಟಕ್ಕೆ ನಿಮ್ಮ ಮನೆತನದವರು ತಲೆತಲಾಂತರದಿಂದ ಮಾಡಿಕೊಂಡು ಬಂದದ್ದು ಮುಗಿಯಿತು. “ಇನ್ ಮೇಲೆ ಹಾಲಪ್ಪಣ್ಣ ಮರ ಹತ್ತಾದು ಬ್ಯಾಡ” ಅಂತ ತೀರ್ಮಾನ. ನೀವು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ… ಇಲ್ಲ, ನೋಡಿದ್ದರೂ ನಾನು ಅದನ್ನೇ ಹೇಳುತ್ತಿದ್ದೆನೋ ಏನೋ. ಬಸ್ಸಿನಲ್ಲಿ ವಾಪಸು ಬರುವಾಗ ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ: ನಾನು ಅಂಗಡಿ ನೋಡಿ ಹೇಳಿದ್ದಲ್ಲ, ಅಕ್ಕನ ಕಣ್ಣೀರು ನೋಡಿ ಹೇಳಿದ್ದು. ಮಗು ಕಳೆದುಕೊಂಡವಳ ತೊಟ್ಟಿಲು ಕೊಯ್ಯುವ ಗಂಡನಿಗೆ ಆಗಬೇಕಾದದ್ದೇ. ಶಿಕಾರಿಪುರ ಬರುವಷ್ಟರಲ್ಲಿ ನನಗೆ ಅದು ಪೂರ್ತಿ ನಂಬಿಕೆಯಾಗಿತ್ತು.

ಹೋದ ವರ್ಷದ ದಸರಾ ನಿಮಗೆ ನೆನಪಿಸಬೇಕಾಗಿಲ್ಲ. ಆದರೆ ಅದರಲ್ಲಿ ನಿಮಗೆ ಗೊತ್ತಿಲ್ಲದ ಅರ್ಧ ಇದೆ. ರಾಜಿ ಮಾಡಿಕೊಳ್ಳಬೇಕು ಅಂತಲೇ ಹೊರಟಿದ್ದೆ. ಬಸ್ಸು ತಡವಾಯಿತು. ಅಷ್ಟರಲ್ಲಿ ನಿಮ್ಮ ಜಾಗಕ್ಕೆ ಹುಡುಗರು ಹತ್ತಿದ್ದರು, ಕಾಲಲ್ಲಿ ಚಪ್ಪಲಿ, ಕೈಯಲ್ಲಿ ಮಚ್ಚು. ಚಿವುಟುವ ತಾಳ್ಮೆ ಯಾರಿಗಿದೆ? ಟೊಂಗೆ ಟೊಂಗೆಯೇ ಕಡಿದು ಎಳೆದೊಯ್ದಿದ್ದರು. ನಾನು ಬಂದಾಗ ಕಟ್ಟೆಯ ಮೇಲೆ ಕಡ್ಡಿ ಬಿಟ್ಟರೆ ಏನೂ ಇರಲಿಲ್ಲ. ನನ್ನ ಜೇಬಿನಲ್ಲಿ ಅಂಗಡಿಯ ಬನ್ನಿ ಇತ್ತು. ಪೇಟೆಯವರಿಗೆ ಅಂತ ತರಿಸಿದ್ದ, ಬಂಗಾರದ ಬಣ್ಣದ ತಗಡಿನಂಥ ಪ್ಲಾಸ್ಟಿಕ್ ಎಲೆ. ನಿಮ್ಮ ಜಗಲಿಗೆ ಬಂದು ಅದನ್ನೇ ನಿಮ್ಮ ಕೈಗಿಟ್ಟು ಕಾಲಿಗೆ ಬಿದ್ದೆ. ನೀವು ಬೆರಳಲ್ಲಿ ಉಜ್ಜಿದಿರಿ, ಮೂಸಿದಿರಿ, ವಾಪಸು ಕೊಟ್ಟಿರಿ. “ವಾಸನೆ ಇಲ್ಲ. ನೀನು ಬಂದ್ಯಲ್ಲ, ಅದು ಸೈ. ಆದ್ರೆ ಇದು ಬ್ಯಾಡ. ಒಂದೇ ಒಂದು ಎಲೆ ತಗಂಡ್ ಬಾ, ಮರದ್ದು. ಎಲ್ಲಿಂದಾದ್ರೂ ತಾ. ನಾನು ಇಲ್ಲೇ ಕೂತಿರ್ತೀನಿ.” ನಾನು ಸೊರಬಕ್ಕೆ ಹೋಗಿ ತರುತ್ತೇನೆ ಅಂತ ಹೊರಟೆ.

ಸೊರಬದ ಬಸ್ ಸ್ಟ್ಯಾಂಡಿನಲ್ಲಿ ಬನ್ನಿ ಇತ್ತು ಭಾವ. ಒಬ್ಬ ಹೆಂಗಸು ಗೋಣಿ ಹಾಸಿಕೊಂಡು ಹಸಿರು ಟೊಂಗೆಗಳ ಗುಡ್ಡೆ ಹಾಕಿಕೊಂಡಿದ್ದಳು. “ಬನ್ನಿ ತಗಳಿ ಅಣ್ಣ” ಅಂತ ಕರೆದಳೂ ಕರೆದಳು. ನಾನು ಎದುರಿನ ಹೋಟೆಲಿನಲ್ಲಿ ಕೂತು ಚಹಾ ಕುಡಿಯುತ್ತಾ ಅವಳನ್ನೇ ನೋಡುತ್ತಿದ್ದೆ. ಕಾಲಿಗೆ ಬಿದ್ದವನನ್ನು ಸಾಮಾನು ತರಲು ಕಳಿಸಿದ ಹಾಗೆ ಕಳಿಸಿದರಲ್ಲ, ನಾನೇನು ಇವರ ಆಳೇ, ಅಂತ ಒಳಗೆ ಕುದಿಯುತ್ತಿತ್ತು. ಶಿಕಾರಿಪುರದ ಬಸ್ಸು ಬಂತು. ಹತ್ತಿ ಕೂತೆ. ಕಿಟಕಿಯ ಪಕ್ಕದ ಸೀಟು ಸಿಕ್ಕಿತು ಅಂತ ಖುಷಿಯೂ ಪಟ್ಟೆ.

ಶ್ರಾವಣದಲ್ಲಿ ನಿಮ್ಮನ್ನು ಮಣ್ಣು ಮಾಡುವ ದಿನ ಅಕ್ಕ ಹೇಳಿದಳು. ಆ ದಸರಾ ದಿನ ದೀಪ ಹಚ್ಚುವ ಹೊತ್ತಾದರೂ ನೀವು ಜಗಲಿಯಿಂದ ಏಳಲಿಲ್ಲವಂತೆ. ಎರಡು ಸಲ ಊಟಕ್ಕೆ ಕರೆದರೂ, “ಬಸ್ಸು ಸಿಕ್ಕಿರಲ್ಲ ಬಿಡು, ಬರ್ತಾನೆ” ಅಂದಿರಂತೆ. ಮೂರು ದಿನದ ಜ್ವರ ನಿಮ್ಮನ್ನು ಒಯ್ದಿತು ಅಂತಾರೆ. ಇರಬಹುದು. ನಾನು ಎಲ್ಲರ ಹಾಗೆ ಒಂದು ಪತ್ರೆ, ಒಂದು ಹಿಡಿ ಮಣ್ಣು ಹಾಕಿ ಕೈ ತೊಳೆದುಕೊಂಡು ಬಂದೆ. ಇನ್ನೊಂದೆರಡು ತಿಂಗಳು ತಡೆದಿದ್ದರೆ ದಸರಾ ಬರುತ್ತಿತ್ತು. ಯಾಕಿಷ್ಟು ಅವಸರ ಮಾಡಿದಿರಿ? ಹೀಗೆ ಕೇಳುವ ಹಕ್ಕು ನನಗಿದೆಯೇ…

ಮೊನ್ನೆ ದಸರಾ ಆಯಿತು. ಇದು ನಿಮಗೆ ಗೊತ್ತಿಲ್ಲದ ಸುದ್ದಿ, ಅದಕ್ಕೇ ಇಷ್ಟೆಲ್ಲ. ಮರದ ಮೂಡಣ ಭಾಗ ಪೂರ್ತಿ ಒಣಗಿದೆ. ಉಳಿದರ್ಧದಲ್ಲಿ ಬಡಕಲು ಎಲೆ. ಪೂಜೆಗೆ ಮೊದಲು ನಾನು ಕಟ್ಟೆ ಹತ್ತಿ, ಚಪ್ಪಲಿ ಬಿಟ್ಟು, ಊರಿನ ಎದುರಿಗೆ ಹೇಳಿದೆ. ಅವತ್ತು ನಾನು ಸುಳ್ಳು ಹೇಳಿದ್ದು, ಹಾಲಪ್ಪ ಭಾವ ಹೇಳಿದ್ದೇ ಸತ್ಯ, ಮರ ಒಣಗಿದ್ದು ನನ್ನ ದಾರದಿಂದ. ಯಾರಾದರೂ ಬಯ್ಯಲಿ, ಕಾಲರ್ ಹಿಡಿಯಲಿ ಅಂತ ಕಾದೆ. ಹಿಂದಿನಿಂದ ಯಾರೋ, “ಹಬ್ಬದ ದಿನ ಈಗ್ಯಾಕೆ ಮಾವ ಅದೆಲ್ಲ” ಅಂದರು. ಅಧ್ಯಕ್ಷ ನನ್ನ ಹೆಗಲ ಮೇಲೆ ಕೈ ಹಾಕಿ, “ಮರ ಹೋದ್ರೆ ಹೋಗ್ಲಿ ಬಿಡಿ, ಬರೋ ವರ್ಷ ಕಾಡಿಂದ ಒಂದ್ ಟ್ರ್ಯಾಕ್ಟರ್ ಟೊಂಗೆ ತರ್ಸಿದ್ರಾಯ್ತು. ಇಲ್ಲಿ ಒಂದು ಮಂಟಪ ಕಟ್ಸಣ ಅಂತಿದೀವಿ. ಲೈಟಿನ ಸೆಟ್ ಮಾತ್ರ ನಿಮ್ದೇ ಆಗ್ಬೇಕು ನೋಡಿ” ಅಂದ. ನಗುತ್ತಾ ಅಂದ. ಸಿದ್ದಮ್ಮಜ್ಜಿ ಒಬ್ಬಳೇ ಹತ್ತಿರ ಬಂದು ಕಿವಿಗೆ ಕೈ ಇಟ್ಟು ಕೇಳಿದಳು, “ಹಂಗಾರೆ ಹಾಲಪ್ಪಂದು ತಪ್ಪಿರ್‍ಲಿಲ್ಲಾ?” “ಇಲ್ಲಜ್ಜಿ.” “ಪಾಪ” ಅಂದಳು. ಅಷ್ಟರಲ್ಲಿ ಮಂಗಳಾರತಿ ಗಂಟೆ ಬಾರಿಸಿತು, ಅಜ್ಜಿ ಆ ಕಡೆ ತಿರುಗಿದಳು. ನಿಮ್ಮ ಮನೆತನದ ಮಾನಕ್ಕೆ ಊರು ಕೊಟ್ಟದ್ದು ಇಷ್ಟು ಭಾವ. ಒಂದು ಪಾಪ.

ವರ್ಷದೊಳಗೆ ಹಬ್ಬ ಇಲ್ಲ ಅಂತ ಅಕ್ಕ ಮನೆಯಲ್ಲೇ ಇದ್ದಳು. ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಕಟ್ಟೆಯಲ್ಲಿ ಆದದ್ದನ್ನೆಲ್ಲ ಹೇಳಿ, “ಅವತ್ತು ನಿನ್ನ ಕಣ್ಣೀರು ನೋಡಕ್ಕಾಗ್ದೆ ಹಂಗಂದೆ ಅಕ್ಕ” ಅಂದೆ. ಅವಳ ಕೈ ನಿಂತಿತು.

“ನನ್ನ ಹೆಸ್ರು ತರಬ್ಯಾಡ ಇದ್ರಾಗೆ. ಮೊದ್ಲು ನಮ್ಮದೇ ಕೊಯ್ರಿ ಅಂದೋಳು ನಾನು.”

“ನೀನಾ?”

“ನಾನೇ. ನಮ್ಮನೇದು ಬಿಟ್ಟು ಊರಿಂದು ಕೊಯ್ದ್ರೆ ಊರು ಸುಮ್ನಿರ್ತದಾ? ಅವ್ರು ಒಲ್ಲೆ ಅಂದ್ರು. ನಾನೇ ಕುಡುಗೋಲು ಕೈಗೆ ಕೊಟ್ಟೆ.”

“ಮತ್ತೆ ಅಷ್ಟು ದಿನ ಅಳ್ತಿದ್ಯಲ್ಲ?”

“ಕೊಯ್ರಿ ಅಂದೋಳೂ ನಾನೇ, ಅತ್ತೋಳೂ ನಾನೇ. ನೀನು ನಿಂಗೆ ಬೇಕಾದ್ದೊಂದನ್ನೇ ನೋಡ್ದೆ.”

ಅಷ್ಟು ಹೇಳಿ ಮತ್ತೆ ಅಕ್ಕಿಗೆ ಕೈ ಹಾಕಿದಳು. ನಾನು ತಂದಿದ್ದ ಬನ್ನಿ ಎಲೆಯನ್ನು ಅವಳ ಮುಂದೆ ಹಿಡಿದೆ. “ಅಲ್ಲಿಡು” ಅಂದಳು. ತಗೊಳ್ಳಲಿಲ್ಲ. ಕಿಟಕಿಯಲ್ಲಿಟ್ಟು ಬಂದೆ.

ಅಲ್ಲ ಭಾವ, ಸಭೆಯಲ್ಲಿ ನೀವು ಒಂದು ಮಾತು ಹೇಳಿದ್ದರೆ ಸಾಕಿತ್ತಲ್ಲ, ಕೊಯ್ಯಿ ಅಂದವಳು ನನ್ನ ಹೆಂಡತಿಯೇ ಅಂತ. ಊರಿನ ಹೆಂಗಸರ ಬಾಯಿ ಮುಚ್ಚುತ್ತಿತ್ತು. ನನ್ನದೂ. ಹೇಳದೆ ನಿಂತಿರಲ್ಲ, ಅವಳನ್ನು ಊರ ಬಾಯಿಗೆ ಹಾಕಬಾರದು ಅಂತಲೇ? ನೀವು ಹೆಂಡತಿಯನ್ನು ಕಾಪಾಡಲು ಬಾಯಿ ಮುಚ್ಚಿದಿರಿ, ನಾನು ಅವಳ ಹೆಸರು ಹೇಳಿಕೊಂಡು ಬಾಯಿ ಬಿಟ್ಟೆ. ವರ್ಷಕ್ಕಿಂತ ಹೆಚ್ಚಾಯಿತು, ಅವಳ ಕಣ್ಣೀರನ್ನು ಕೊಡೆಯ ಹಾಗೆ ಹಿಡಿದುಕೊಂಡು ಓಡಾಡಿದ್ದೇನೆ. ಈಗ ಅದೂ ಇಲ್ಲ. ಉಳಿದದ್ದು ಬರೀ ಅಂಗಡಿಯ…

ತಡೆಯಿರಿ, ಕರೆಯುತ್ತಿದ್ದಾಳೆ.

“ರೀ, ಒಳಗ ಯಾರ ಕೂಡ ಮಾತಾಡಾಕತ್ತೀರಿ? ಸೊರಬದ ಕಡಿಯೋರು ಬಂದಾರ, ಹರಕೆ ದಾರ ಬೇಕಂತ. ನೈಲಾನಿಂದ ಬೇಕಂತ. ಬಾಕ್ಸ್ ಎಲ್ಲಿಟ್ಟೀರಿ?”

ಕೇಳಿಸಿತಾ ಭಾವ? ನಾನು ಕೂತಿರುವುದೇ ಅದರ ಮೇಲೆ. ಇಲ್ಲ ಅಂದರೆ ಎದುರಿನ ಅಂಗಡಿಗೆ ಹೋಗುತ್ತಾರೆ, ಅಲ್ಲಿ ಸಿಗುತ್ತದೆ. ಇ‍ನ್ಯಾವುದೋ ಊರಿನ ಮರ ಅದರಿಂದ ಉಳಿಯುವುದೂ ಇಲ್ಲ, ಅದೂ ಗೊತ್ತು. ಆದರೂ ನಾನೇ ಹೋಗಿ ಇಲ್ಲ ಅನ್ನುತ್ತೇನೆ. ಯಾಕೆ ಅಂತ ಕೇಳಿದರೆ ಮರ ಸಾಯುತ್ತದೆ ಅನ್ನುತ್ತೇನೆ. ಗಿರಿಜಾ ಪಕ್ಕದಲ್ಲೇ ನಿಂತಿರುತ್ತಾಳೆ, ಅವಳಿಗೂ ಕೇಳಿಸುವ ಹಾಗೆ.

“ಬಂದೆ ಕಣೇ. ನೀನೇನೂ ಕೊಡಬ್ಯಾಡ, ನಾನು ಬಂದೆ.”

ಬಂದ್ ಮಾಡುತ್ತೇನೆ ಭಾವ.